ಏಳು ಗಂಟೆಯ ರಿಂಗು

ಶಾರದಾಬಾಯಿ ತೀರಿಕೊಂಡದ್ದು ಸೋಮವಾರ ನಸುಕಿನಲ್ಲಿ, ಕಠ್ಮಂಡುವಿನಲ್ಲಿ. ಆ ಸುದ್ದಿ ಕಾಚಿಗೂಡದ ಮನೆಯಲ್ಲಿದ್ದ ಅವರ ಗಂಡ ಅಮರೇಶಪ್ಪನವರಿಗೆ ತಿಳಿದದ್ದು ಗುರುವಾರ ಬೆಳಿಗ್ಗೆ.

ಲಿಂಗಪೂಜೆ ಮುಗಿದಿತ್ತು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಮಗಳು ಕಾವ್ಯಾ ಊರಿನ ಇನ್ನೊಂದು ತುದಿಯ ಕೊಂಡಾಪುರದಿಂದ ಬಂದು ಬಾಗಿಲಲ್ಲಿ ನಿಂತಳು.

"ಏನವಾ, ಆಫೀಸಿನ ದಿನ ಇಷ್ಟ ಲಗೂ ಬಂದೀದಿ? ಕೆಲಸದಿಂದ ತೆಗದ್ರೇನು?" ಎಂದು ಅಮರೇಶಪ್ಪನವರು ನಕ್ಕರು.

ಕಾವ್ಯಾ ನಗಲಿಲ್ಲ. ಅಪ್ಪನ ಕೈ ಹಿಡಿದು ಕುರ್ಚಿಯ ಮೇಲೆ ಕೂಡಿಸಿದಳು. "ಅಪ್ಪಾಜಿ, ಅವ್ವ ತೀರಿಕೊಂಡಾಳ್ರಿ. ಸೋಮವಾರನ."

"ಹುಚ್ಚಿ ಇದ್ದೀ ಏನು? ನಿನ್ನೆ ಸಂಜೀಕ ಏಳಕ್ಕ ರಿಂಗ್ ಕೊಟ್ಟಾಳ. ಇಲ್ಲಿ ನೋಡು."

ಅವರು ಮೊಬೈಲ್ ತೆಗೆದು ತೋರಿಸಿದರು. ಹೆಂಡತಿಯ ಹೆಸರು ಕೆಂಪು ಅಕ್ಷರದಲ್ಲಿ ಒಂದರ ಕೆಳಗೊಂದು ಇತ್ತು. ಬುಧವಾರ ಏಳು ಗಂಟೆ. ಮಂಗಳವಾರ ಏಳು ಗಂಟೆ. ಸೋಮವಾರ ಏಳು ಗಂಟೆ. ಅದನ್ನು ನೋಡಿದ್ದೇ ತಡ, ಅಲ್ಲಿಯವರೆಗೆ ತಡೆದುಕೊಂಡಿದ್ದ ಕಾವ್ಯಾ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಆ ರಿಂಗಿನ ಏರ್ಪಾಡು ಅಮರೇಶಪ್ಪನವರದೇ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಅದರಲ್ಲಿ ಬಹುಕಾಲ ದೂರದೂರಿನ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ. ಶಾರದಾಬಾಯಿ ಓಣಿಯ ಭಜನಾ ಮಂಡಳಿಯ ಹೆಂಗಸರೊಂದಿಗೆ ಪಶುಪತಿನಾಥನ ಯಾತ್ರೆಗೆ ಹೊರಟಾಗ, ಮೊಬೈಲ್ ಅಂಗಡಿಗೆ ಹೋಗಿ ಹೊರದೇಶದ ಪ್ಯಾಕಿನ ಬೆಲೆ ಕೇಳಿ, ತಲೆಯಾಡಿಸಿ ಬರಿಗೈಲಿ ಬಂದಿದ್ದರು. ಅಲ್ಲಿಂದ ಕರೆ ಮಾಡಿದರೂ ದುಡ್ಡು, ಬಂದ ಕರೆ ಎತ್ತಿದರೂ ದುಡ್ಡು. ಎತ್ತದೆ ಬಿಟ್ಟ ಕರೆಗೆ ದುಡ್ಡಿಲ್ಲ. ಬಂದ ಮೆಸೇಜು ಓದುವುದಕ್ಕೂ ಇಲ್ಲ. ಹಾಗಾಗಿ ದಿನಾ ಸಂಜೆ ಏಳಕ್ಕೆ ಆಕೆ ಒಂದು ರಿಂಗು ಕೊಟ್ಟು ಕಟ್ ಮಾಡಬೇಕು. ಅಂದರೆ ಎಲ್ಲ ಕ್ಷೇಮ. ಬಿಟ್ಟು ಬಿಟ್ಟು ಮೂರು ಸಲ ಬಂದರೆ ಏನೋ ತೊಂದರೆ, ಇವರೇ ತಿರುಗಿ ಮಾಡುತ್ತಾರೆ. ಇವರ ಕಡೆಯಿಂದ ದಿನಕ್ಕೊಂದು ಮೆಸೇಜು. ಫೋನಿನ ಇಂಟರ್ನೆಟ್ಟನ್ನು ತಾವೇ ಬಂದ್ ಮಾಡಿ ಹೆಂಡತಿಯ ಕೈಗೆ ಕೊಟ್ಟಿದ್ದರು.

"ನಲವತ್ತೆರಡು ವರ್ಷ ಪುಕ್ಕಟೆ ಮಾತಾಡೀನಿ, ಒಂದ ದಿನ ನೆಟ್ಟಗ ಕೇಳಲಿಲ್ಲ. ಈಗ ನೋಡ್ರಿ, ನನ್ನ ಮಾತಿಗೂ ರೇಟ್ ಬಂತು," ಎಂದು ಆಕೆ ಚುಚ್ಚಿದ್ದರು.

"ಹತ್ತ ದಿನ ನನ್ನ ಕಿವೀಗೂ ಸೂಟಿ ಸಿಗಲಿ ಬಿಡು."

"ಸಿಗಲ್ರಿ, ಸಿಗಲ್ರಿ. ಬಂದಮ್ಯಾಲ ಬಡ್ಡೀ ಸೈತ ವಸೂಲ ಮಾಡ್ತೀನಿ."

ಕಾವ್ಯಾ ಕಣ್ಣೊರೆಸಿಕೊಂಡು ನಡೆದದ್ದನ್ನು ಹೇಳಿದಳು. ಭಾನುವಾರ ರಾತ್ರಿ ಊಟದ ಹೊತ್ತಿಗೆ ಎದೆನೋವು ಶುರುವಾಯಿತು. ದವಾಖಾನೆಗೆ ಸೇರಿಸಿದರು. ಬೆಳಗಾಗುವುದರೊಳಗೆ ಮುಗಿಯಿತು. ಅಳಿಯ ಸೂರ್ಯಕಾಂತ ಅಂದೇ ವಿಮಾನ ಹತ್ತಿ ಹೋದ. ದೇಹವನ್ನು ಗಡಿ ದಾಟಿಸುವ ಕಾಗದಪತ್ರಕ್ಕೆ ಮೂರು ದಿನ ಹಿಡಿಯಿತು. ಈ ಮಧ್ಯಾಹ್ನ ತರುತ್ತಾರೆ.

"ನಿಮಗ ಸ್ಟೆಂಟ್ ಹಾಕಿ ಎರಡ ತಿಂಗಳಾಗಿಲ್ರಿ ಅಪ್ಪಾಜಿ. ಒಬ್ಬರ ಇದ್ರಿ. ನಾ ಬಂದಿದ್ರ ಮಾರಿ ನೋಡೇ ತಿಳಕೋತಿದ್ರಿ. ಏಳಕ್ಕ ರಿಂಗ್ ಬರಲಿಲ್ಲಂದ್ರ ಎದಿ ಹಿಡಕೊಂಡು ಕೂಡ್ತಿದ್ರಿ. ಅದಕ್ಕ ಶಿವದೇವಿ ಆಂಟಿಗೆ ಹೇಳಿದ್ನಿ, ಅವ್ವನ ಫೋನಿನಿಂದ ಒಂದ ರಿಂಗ್ ಕೊಡ್ರಿ ಅಂತ. ತಪ್ಪ ನಂದ."

ಶಿವದೇವಿ ಕೆಳಗಿನ ಮನೆಯಾಕೆ. ಯಾತ್ರೆಯಲ್ಲಿ ಶಾರದಾಬಾಯಿಯ ಕೋಣೆಯಲ್ಲೇ ಇದ್ದಾಕೆ.

ಅಮರೇಶಪ್ಪನವರು ಮಗಳನ್ನು ಬೈಯಲಿಲ್ಲ. ಎಕ್ಸ್‌ಚೇಂಜಿನಲ್ಲಿದ್ದಾಗ ಅವರು ಎಷ್ಟೋ ಜನರನ್ನು ಬರೀ ಕೆಮ್ಮಿನಿಂದ ಗುರುತಿಸುತ್ತಿದ್ದರು. ಈಗ ದುಡ್ಡಿಗೆ ಹೆದರಿ ಹೆಂಡತಿಯ ದನಿಯನ್ನೇ ತೆಗೆದುಹಾಕಿ ಬರೀ ಗಂಟೆ ಉಳಿಸಿಕೊಂಡಿದ್ದರು. ಗಂಟೆಯನ್ನು ಯಾರು ಬಾರಿಸಿದರೂ ಒಂದೇ ಸದ್ದು. ಆ ಸದ್ದಿಗೆ ಮೂರು ಸಂಜೆ ಅವರು ದೇವರ ಮುಂದೆ ನಿಂತು, "ಚೆನ್ನಾಗಿಟ್ಟೀಯಪ್ಪಾ" ಎಂದು ಕೈಮುಗಿದಿದ್ದರು. ಮಂಗಳವಾರ ಮೆಸೇಜನ್ನೂ ಕಳಿಸಿದ್ದರು: ಹಾಲಿನವನು ನೀರು ಬೆರೆಸುತ್ತಿದ್ದಾನೆ, ಬಂದು ನೀನೇ ವಿಚಾರಿಸು.

ಒಂದೇ ಮಾತು ಕೇಳಿದರು. "ಹಂಗಾದ್ರ ಖರೇ ಅಕೀನ ಕೊಟ್ಟ ಕಡೀ ರಿಂಗ್ ಯಾವುದು?"

"ಅದನ್ನ ಶಿವದೇವಿ ಆಂಟೀನ್ನ ಕೇಳಬೇಕ್ರಿ," ಎಂದಳು ಕಾವ್ಯಾ.

ಮಧ್ಯಾಹ್ನ ದೇಹ ಬಂತು. ಪೆಟ್ಟಿಗೆಯಲ್ಲಿ ಮಲಗಿಸಿ ತಂದದ್ದರಿಂದ, ಲಿಂಗವಂತರ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಲು ಆಗಲಿಲ್ಲ. ಮಲಗಿಸಿಯೇ ಮಣ್ಣು ಕೊಟ್ಟರು. ಮಣ್ಣು ಎಳೆಯುವ ಮುನ್ನ ಅಮರೇಶಪ್ಪನವರು ಬಾಗಿ ಹೆಂಡತಿಯ ಹಣೆಗೆ ವಿಭೂತಿ ಹಚ್ಚಿದರು. ತಣ್ಣಗಿದ್ದ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಬೆರಳು ಮಡಚಲು ನೋಡಿದರು, ಬೆರಳು ಮಡಚಲಿಲ್ಲ. ನೆರೆದವರು, "ಪುಣ್ಯವಂತಿ, ಪಶುಪತಿನಾಥನ ದರ್ಶನ ಮಾಡಿಕೊಂಡು ಸೋಮವಾರ ಹೋದಳು" ಎಂದರು. ಅಮರೇಶಪ್ಪನವರಿಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

ಸ್ನಾನ ಮುಗಿಸಿ ಎಲ್ಲರೂ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಶಿವದೇವಿ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದರು. ಅಮರೇಶಪ್ಪನವರು ಎದುರಿಗೆ ಹೋಗಿ ಕೂತರು.

"ಭಾನುವಾರದ ರಿಂಗ್ ಯಾರ ಕೊಟ್ಟಿದ್ದು ತಂಗೀ?"

"ಈಗ ಯಾಕ್ರಿ ಅಣ್ಣಾರ ಅದು? ಬಿಡ್ರಿ."

"ಹೇಳವಾ. ನನಗ ಅದೊಂದ ಉಳದೈತಿ."

ಶಿವದೇವಿ ಸೆರಗು ಸರಿಸಿ ಹೇಳಿದರು. "ಅಕ್ಕಾರ ಮಾಡಿದ್ರಿ. ದರ್ಶನ ಮುಗಿಸಿ ಬಂದು ಛತ್ರದ ಪಾವಟಿಗಿ ಮ್ಯಾಲ ಕುಂತಿದ್ವಿ. ಭಾಳ ದಣದಿದ್ರು. ರಿಂಗ್ ಆತು, ಕಟ್ ಮಾಡಲಿಲ್ಲ. 'ಕಟ್ ಮಾಡ್ರಿ ಅಕ್ಕಾರ, ಅಣ್ಣಾರ ಬೈತಾರ' ಅಂದ್ನಿ. 'ಬೈಲಿ. ಇವತ್ತ ಎತ್ತಲಿ, ಒಂದ ಮಾತ ಆಡೂದೈತಿ' ಅಂದ್ರು."

ಅಮರೇಶಪ್ಪನವರಿಗೆ ನೆನಪಾಯಿತು. ಭಾನುವಾರ ಸಂಜೆ ಒಲೆಯ ಮೇಲೆ ಹಾಲಿತ್ತು. ಫೋನು ಒಂದೇ ಕರೆಯಲ್ಲಿ ಬಿಡದೆ ಐದಾರು ಸಲ ಹೊಡೆದುಕೊಂಡಿತು. ಕಟ್ ಮಾಡಲು ಮರೆತಳು, ಕೈತಪ್ಪಿ ಎತ್ತಿಬಿಟ್ಟರೆ ಅವಳ ದುಡ್ಡು ಹೋಗುತ್ತದೆ ಎಂದು ತಾವೇ ಗುಂಡಿ ಒತ್ತಿ ಕಡಿದುಹಾಕಿದ್ದರು. ಮೇಲೊಂದು ಮೆಸೇಜು: ಒಂದೇ ರಿಂಗು, ಮರೆಯಬೇಡ.

"ನನ್ನ ಮೆಸೇಜ್ ಓದಿದ್ಲೇನು?"

"ಓದಿದ್ರಿ. 'ನೋಡು ಶಿವದೇವಿ, ನಮ್ಮ ಸಾಹೇಬ್ರು ರಿಟೈರ್ ಆದ್ರೂ ಡ್ಯೂಟಿ ಬಿಟ್ಟಿಲ್ಲ' ಅಂತ ನಕ್ಕರು. ಅಮ್ಯಾಲ ಫೋನ್ ಚೀಲದಾಗ ಇಟ್ಟರು."

"ಏನ ಮಾತ ಆಡೂದಿತ್ತು ಅಂತ ಹೇಳಿದ್ಲೇನು?"

"ಇಲ್ರಿ ಅಣ್ಣಾರ. ನಾನೂ ಕೇಳಲಿಲ್ಲ. ನಾಲ್ಕ ದಿನಕ್ಕ ಊರಿಗೆ ಹೊಕ್ಕೀವಲ್ಲ ಅಂತ ಸುಮ್ನಾದ್ನಿ."

ಕೇಳುವುದಕ್ಕೆ ಇನ್ನು ಯಾರೂ ಇರಲಿಲ್ಲ. ಮೈಗೆ ಆಗದಿರುವುದನ್ನು ಹೇಳಬೇಕೆಂದಿದ್ದಳೋ, ಹೂವಿನ ಕುಂಡಕ್ಕೆ ನೀರು ಹಾಕಿದಿರಾ ಎಂದಷ್ಟೇ ಕೇಳಬೇಕೆಂದಿದ್ದಳೋ! ಅಮರೇಶಪ್ಪನವರು ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ದಿನದ ಮಂತ್ರ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟು:

"ಶಿವನೇ, ನನಗೆ ಸಮಾಧಾನ ಕೊಡೆಂದು ಕೇಳುವುದಿಲ್ಲ. ನಾನು ಮಾಡಿದ್ದು ನನ್ನ ಜೊತೆಗಿರಲಿ. ಅವಳು ಕಷ್ಟಪಟ್ಟು ನಿನ್ನ ಬಾಗಿಲಿಗೆ ಬಂದವಳು. ಅವಳ ದಣಿವು ಕಳೆ. ಆಡದೆ ಉಳಿದ ಮಾತು ಅವಳ ಜೀವಕ್ಕೆ ಭಾರವಾಗದಿರಲಿ. ನನ್ನ ಶಾರದೆಯನ್ನು ನಿನ್ನ ಪಾದದಲ್ಲಿ ಇರಿಸಿಕೊಂಡು ಶಾಂತಿ ಕೊಡು ತಂದೆ."