ರಾತ್ರಿ ಹನ್ನೊಂದರ ಮೇಲೆ ಕಾಣದಾದ ಗೆರೆ

ಎದ್ದವಳೇ ಮುಖವನ್ನೂ ತೊಳೆಯದೆ ಟೈಲರಮ್ಮ ಮುಂದಿನ ಕೋಣೆಗೆ ಓಡಿದಳು. ಹೊಲಿಗೆ ಮೆಷಿನ್ನಿನ ಮೇಲೆ ಗಂಡನ ಫೋನ್ ಚಾರ್ಜಿಗೆ ಹಾಕಿತ್ತು. ತೆರೆದು ನೋಡಿದರೆ ಇವತ್ತೂ ಅದೇ ಹಾಡು. ಶುಗರ್ ತೋರಿಸುವ ಗೆರೆ ರಾತ್ರಿ ಹನ್ನೊಂದರವರೆಗೆ ನೆಟ್ಟಗೆ ಬಂದು, ಆಮೇಲೆ ಇಲ್ಲವೇ ಇಲ್ಲ. ಕೆಳಗೆ ಒಂದೇ ಸಾಲು: ‘ಸಿಗ್ನಲ್ ಸಿಗುತ್ತಿಲ್ಲ’.

ಅವಳ ಗಂಡ ಬಸ್ ಗ್ಯಾರೇಜಿನ ಮೆಕ್ಯಾನಿಕ್. ಊರೆಲ್ಲ ಅವನನ್ನು ಕರೆಯುವುದು ಸ್ಪ್ಯಾನರ್ ಎಂದೇ. ಆರು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾನೆ. ಹತ್ತು ದಿನದ ಹಿಂದೆ ಡಾಕ್ಟರು ಅವನ ಎಡತೋಳಿನ ಹಿಂಭಾಗಕ್ಕೆ ನಾಣ್ಯದಷ್ಟು ದೊಡ್ಡ ಸೆನ್ಸರ್ ಅಂಟಿಸಿದ್ದರು. ಅದು ಸ್ವಲ್ಪ ಸ್ವಲ್ಪ ಹೊತ್ತಿಗೆ ಮೈಯೊಳಗಿನ ಶುಗರ್ ಎಷ್ಟೆಂದು ಫೋನಿಗೆ ಕಳಿಸುತ್ತದೆ, ತೀರಾ ಇಳಿದರೆ ಫೋನ್ ಕೂಗಿ ಎಬ್ಬಿಸುತ್ತದೆ. ಇನ್ನಾದರೂ ನೆಮ್ಮದಿಯಾಗಿ ಮಲಗಬಹುದು ಅಂದುಕೊಂಡಿದ್ದಳು ಟೈಲರಮ್ಮ. ಎಲ್ಲಿಯ ನೆಮ್ಮದಿ! ರಾತ್ರಿಯಲ್ಲಿ ಮೂರು ಸಲ ಎದ್ದು ಗಂಡನ ಹಣೆ ಮುಟ್ಟಿ ನೋಡುವುದು ತಪ್ಪಲಿಲ್ಲ.

“ರೀ, ಇವತ್ತೂ ಗೆರೆ ಇಲ್ಲ,” ಎಂದು ಕೂಗಿದಳು.

ಒಳಗೆ ಹೋಗಿ ನೋಡಿದರೆ ಸ್ಪ್ಯಾನರ್ ಮಂಚದ ಅಂಚಿನಲ್ಲಿ ಕೂತು ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದ. ಮೂರನೇ ಗುಂಡಿಯನ್ನು ಐದನೇ ಕಾಜಕ್ಕೆ ತುರುಕುತ್ತಿದ್ದ. ಮೈಯೆಲ್ಲ ಬೆವರು, ಕೈ ನಡುಕ.

“ಗಾಡಿ... ಗಾಡಿ ಎತ್ತಬೇಕು,” ಎಂದು ತೊದಲಿದ.

ಅವಳು ತಕ್ಷಣ ಅವನ ಬೆರಳಿಗೆ ಸೂಜಿ ಚುಚ್ಚಿ ಮೀಟರ್ ಹಿಡಿದಳು. ಐವತ್ತೆರಡು! ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದಿತ್ತು. ಲೋಟದ ನೀರಿಗೆ ಮೂರು ಚಮಚ ಸಕ್ಕರೆ ಕಲಕಿ, ಅವನು ನುಂಗಬಲ್ಲನೆಂದು ನೋಡಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಹದಿನೈದು ನಿಮಿಷ ಅವಳ ಪಾಲಿಗೆ ಹದಿನೈದು ಗಂಟೆಯಾಯಿತು. ಮತ್ತೆ ಚುಚ್ಚಿದಾಗ ಎಂಬತ್ತೆಂಟು. ಅವನ ಕಣ್ಣಿಗೆ ಕಳೆ ಬಂತು. ಆಗ ಅವಳು ಗೋಡೆಗೊರಗಿ ಕೂತು ತನ್ನ ತಂಗಿಗೆ ಫೋನ್ ಮಾಡಿದಳು.

ಸುಧಾರಿಸಿಕೊಂಡ ಸ್ಪ್ಯಾನರ್ ಮೊದಲು ಸಿಟ್ಟಾಗಿದ್ದು ಸೆನ್ಸರಿನ ಮೇಲೆ. “ಕಿತ್ತು ಬಿಸಾಕ್ತೀನಿ ಇದನ್ನ! ಬೇಕಾದಾಗ ಬಾಯಿ ಬಿಡದ ಯಂತ್ರ ಯಾಕೆ ಬೇಕು?”

“ಒಂದು ಗಳಿಗೆ ತಡೀರಿ, ತಂಗಿ ಬರ್ಲಿ.”

ತಂಗಿ ಆಸ್ಪತ್ರೆಯ ಶುಗರ್ ವಿಭಾಗದಲ್ಲಿ ನರ್ಸ್. ಎರಡು ಬೀದಿಯಾಚೆ ಮನೆ. ಡ್ಯೂಟಿಗೆ ಹೊರಟಿದ್ದವಳು ಹಾಗೇ ಓಡಿ ಬಂದಳು. ಫೋನನ್ನು ತಂದು ಭಾವನ ತೋಳಿನ ಪಕ್ಕ ಇಟ್ಟು, ಆ್ಯಪ್ ತೆರೆದು, “ಸ್ವಲ್ಪ ಹೊತ್ತು ಯಾರೂ ಮುಟ್ಟಬೇಡಿ,” ಎಂದಳು.

ಮೂವರೂ ಪರದೆಯನ್ನೇ ನೋಡುತ್ತ ಕೂತರು. ಕೆಲವು ನಿಮಿಷದಲ್ಲಿ ಖಾಲಿ ಜಾಗದಲ್ಲಿ ಗೆರೆ ಮೂಡತೊಡಗಿತು. ಹನ್ನೆರಡು ಗಂಟೆ, ಒಂದು, ಎರಡು. ಮೂರರಿಂದ ಗೆರೆ ಜಾರುತ್ತ ಜಾರುತ್ತ ನಾಲ್ಕೂವರೆಗೆ ಕೆಂಪು ಪಟ್ಟಿಯೊಳಕ್ಕೆ ಇಳಿದಿತ್ತು.

“ನೋಡಿದ್ರಾ ಭಾವ? ಸೆನ್ಸರ್ ಬೆಳಗಿನ ತನಕ ಲೆಕ್ಕ ಇಟ್ಟಿದೆ. ಕಳಿಸಿದ್ದು ಫೋನಿಗೆ ಮುಟ್ಟಿಲ್ಲ, ಅಷ್ಟೇ. ಈಗ ಗೆರೆ ಬಂದರೆ ಏನು ಬಂತು? ನಾಲ್ಕೂವರೆಗೆ ಕೂಗಬೇಕಾಗಿದ್ದ ಫೋನ್ ಕೂಗಲಿಲ್ಲವಲ್ಲ.”

ಟೈಲರಮ್ಮ ಗಂಡನ ತೋಳು ಹಿಡಿದುಕೊಂಡಳು. ನಾಲ್ಕೂವರೆಗೆ ತಾನು ಅವನ ಪಕ್ಕದಲ್ಲೇ ಮಲಗಿದ್ದರೂ ತನಗೆ ತಿಳಿಯಲಿಲ್ಲ.

ಸ್ಪ್ಯಾನರ್ ಗಡ್ಡ ಕೆರೆದುಕೊಂಡ. “ಅಂದ್ರೆ ಬ್ಯಾಟರಿ ಸರಿ ಇದೆ, ಹಾರನ್ ಸರಿ ಇದೆ, ನಡುವಿನ ವೈರ್ ಕೈ ಕೊಟ್ಟಿದೆ ಅನ್ನು.”

“ಇಲ್ಲಿ ವೈರೇ ಇಲ್ಲ, ಬ್ಲೂಟೂತ್. ಅದರ ಕೈ ಗಿಡ್ಡ. ಹತ್ತಿಪ್ಪತ್ತು ಅಡಿ ಮೀರಿದರೆ, ನಡುವೆ ಗೋಡೆ ಬಂದರೆ ಎಟಕಲ್ಲ. ಫೋನ್ ಎಲ್ಲಿಡ್ತೀರಿ?”

“ಮುಂದಿನ ಕೋಣೇಲಿ. ಪ್ಲಗ್ ಇರೋದು ಅಲ್ಲೇ.”

“ಮಲಗೋ ಮುಂಚೆ ಏನು ಮಾಡ್ತೀರಿ?”

“ಬ್ಯಾಟರಿ ಉಳಿಯೋ ಹಾಗೆ ಹಾಕ್ತೀನಿ. ತೆರೆದಿರೋ ಆ್ಯಪ್ ಎಲ್ಲ ಒರೆಸಿ ಹಾಕ್ತೀನಿ. ಸೈಲೆಂಟ್ ಮಾಡ್ತೀನಿ.”

ನರ್ಸ್ ಹಣೆ ಚಚ್ಚಿಕೊಂಡಳು. “ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ, ಬಾಯಿಗೂ ತುರುಕಿ, ಮನೆ ಹೊರಗೆ ನಿಲ್ಲಿಸಿದ್ದೀರಲ್ಲ ಭಾವ! ಒಂದು ತಪ್ಪನ್ನೂ ಬಿಟ್ಟಿಲ್ಲ ನೀವು.”

ಭಯದ ನಡುವೆಯೂ ಟೈಲರಮ್ಮನಿಗೆ ನಗು ಬಂತು. ಸ್ಪ್ಯಾನರ್ ಮಾತ್ರ ನಗಲಿಲ್ಲ. ಗ್ಯಾರೇಜಿನಲ್ಲಿ ತಪ್ಪು ಹುಡುಕುವಾಗಿನ ಮುಖ ಬಂದಿತ್ತು ಅವನಿಗೆ. ಉದ್ದನೆ ವೈರಿನ ಪ್ಲಗ್ ಬೋರ್ಡ್ ತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಫೋನಿಗೆ ಜಾಗ ಮಾಡಿದ. ಬ್ಯಾಟರಿ ಉಳಿತಾಯ ಆ ಆ್ಯಪಿಗೆ ತಗುಲದಂತೆ ನಾದಿನಿ ಸೆಟ್ಟಿಂಗ್ ಬದಲಿಸಿಕೊಟ್ಟಳು. ಎಚ್ಚರಿಕೆಯ ಸದ್ದು ಜೋರು ಮಾಡಿ, ಒಮ್ಮೆ ಬಾರಿಸಿ ತೋರಿಸಿದಳು. ಶುಗರ್ ಇಳಿದಾಗಷ್ಟೇ ಅಲ್ಲ, ಸಿಗ್ನಲ್ ಹೋದಾಗಲೂ ಕೂಗುವಂತೆ ಮಾಡಿದಳು. ಅವತ್ತೇ ಭಾವನನ್ನು ಡಾಕ್ಟರ ಬಳಿ ಕರೆದೊಯ್ದಳು. ಅವರು ಗೆರೆ ನೋಡಿ ರಾತ್ರಿಯ ಇನ್ಸುಲಿನ್ ಕಡಿಮೆ ಮಾಡಿದರು.

ಆದರೂ ಆ ರಾತ್ರಿ ಒಂದೂವರೆಗೆ ಫೋನ್ ಕೂಗಿತು. ಮತ್ತೆ ಸಿಗ್ನಲ್ ಇಲ್ಲ! ಟೈಲರಮ್ಮ ಗಾಬರಿಬಿದ್ದು ದೀಪ ಹಾಕಿದಳು. ಗಂಡ ಎಡಮಗ್ಗುಲಾಗಿ, ಸೆನ್ಸರನ್ನು ಮೈಯಡಿ ಒತ್ತಿಕೊಂಡು ಮಲಗಿದ್ದ. ಎಬ್ಬಿಸಿ ಬೆರಳು ಚುಚ್ಚಿದಳು. ನೂರ ಹದಿನೆಂಟು. ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಗೆರೆ ಮರಳಿ ಬಂತು.

“ಮೈ ಅಡ್ಡ ಬಂದರೂ ಸಿಗ್ನಲ್ ಹೋಗುತ್ತೆ ಅಕ್ಕ,” ಎಂದಳು ತಂಗಿ ಬೆಳಗ್ಗೆ. “ಅದೂ ಅಲ್ಲದೆ ಸೆನ್ಸರ್ ಒತ್ತಿದರೆ ಶುಗರ್ ಇಳಿಯದಿದ್ದರೂ ಇಳಿದ ಹಾಗೆ ತೋರಿಸೋದೂ ಉಂಟು. ಅನುಮಾನ ಬಂದಾಗ ಬೆರಳು ಚುಚ್ಚಿ ನೋಡೋದೇ ಸರಿ. ಹೇಗೂ ಇದನ್ನ ಎರಡು ವಾರಕ್ಕೆ ಬದಲಿಸಬೇಕು, ಮುಂದಿನ ಸೆನ್ಸರ್ ಬಲತೋಳಿಗೆ ಹಾಕೋಣ.”

ಹೊಸ ಸೆನ್ಸರ್ ಬಲತೋಳಿಗೆ ಬಂದು ಎರಡು ವಾರವಾಗಿತ್ತು. ಒಂದು ದಿನ ಟೈಲರಮ್ಮ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ರಾತ್ರಿ ಒಮ್ಮೆಯೂ ಎದ್ದಿಲ್ಲ! ತಟ್ಟನೆ ಎದ್ದು ಕೂತಳು. ಸ್ಟೂಲಿನ ಮೇಲೆ ಖಾಲಿ ಲೋಟ, ಮೀಟರ್, ರಕ್ತ ಹಾಕಿ ನೋಡಿದ ಎರಡು ಟೆಸ್ಟ್ ಪಟ್ಟಿ. ಗಂಡ ಆಗಲೇ ಎದ್ದು ಬೂಟು ಹಾಕಿಕೊಳ್ಳುತ್ತಿದ್ದ.

“ಎರಡು ಗಂಟೆಗೆ ಕೂಗ್ತು, ನೀನು ಏಳೋ ಮುಂಚೆ ಸದ್ದು ನಿಲ್ಲಿಸಿದೆ. ಚುಚ್ಚಿ ನೋಡಿದೆ, ಅರವತ್ತಾರು. ಸಕ್ಕರೆ ನೀರು ಕುಡಿದೆ. ಆಮೇಲೆ ನೋಡಿದಾಗ ತೊಂಬತ್ತು ದಾಟಿತ್ತು. ಮಲಗಿದೆ.”

“ನನ್ನ ಎಬ್ಬಿಸೋಕೆ ಏನಾಗಿತ್ತು ನಿಮಗೆ?”

“ತಿಂಗಳಾಯ್ತು ಕಣೇ ನೀನು ಕಣ್ಣು ತುಂಬ ನಿದ್ದೆ ಮಾಡಿ. ಎಬ್ಬಿಸೋಕೆ ಮನಸ್ಸು ಬರಲಿಲ್ಲ.”

ಅವಳು ಏನೋ ಬೈಯಲು ಹೋದವಳು ಖಾಲಿ ಲೋಟ ಕೈಗೆತ್ತಿಕೊಂಡಳು. “ಇನ್ನೊಂದ್ಸಲ ಹೀಗಾದ್ರೆ ಎಬ್ಬಿಸಿ,” ಎಂದಷ್ಟೇ ಹೇಳಿದಳು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಸೆನ್ಸರ್ ಇದೆಯೇ? ಹಾಗಿದ್ದರೆ ಇವತ್ತು ಮಲಗುವ ಮುಂಚೆ ಐದು ನಿಮಿಷ ಕೊಡಿ. ಫೋನ್ ಅವರ ಹಾಸಿಗೆಯ ಪಕ್ಕದಲ್ಲೇ, ಸೆನ್ಸರ್ ಇರುವ ಕಡೆಗೇ ಇರಲಿ. ಬ್ಲೂಟೂತ್ ಆನ್ ಇರಲಿ, ಆ್ಯಪ್ ಮುಚ್ಚಬೇಡಿ, ಎಚ್ಚರಿಕೆಯ ಸದ್ದು ಕೇಳುತ್ತದೆಯೇ ಎಂದು ಬಾರಿಸಿಯೇ ನೋಡಿ. ಬೆರಳು ಚುಚ್ಚುವ ಮೀಟರ್ ಮತ್ತು ಸಕ್ಕರೆ ಕೈಗೆಟಕುವಂತಿರಲಿ. ಬೆವರು, ನಡುಕ, ತೊದಲು ಕಂಡರೆ ಫೋನ್ ಏನೇ ಹೇಳಲಿ, ಕಾಯದೆ ಬೆರಳು ಚುಚ್ಚಿ ನೋಡಿ, ಶುಗರ್ ಇಳಿದಿದ್ದರೆ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಂಬುಲೆನ್ಸ್ ಕರೆಸಿ. ಸಿಗ್ನಲ್ ಮತ್ತೆ ಮತ್ತೆ ಹೋಗುತ್ತಿದ್ದರೆ ಸೆನ್ಸರ್ ಕಿತ್ತೆಸೆಯುವ ಮೊದಲು ನಿಮ್ಮ ನರ್ಸನ್ನೋ ಡಾಕ್ಟರನ್ನೋ ಒಮ್ಮೆ ಕೇಳಿ. ಮೊದಲು ಎದ್ದು ನೋಡಿ, ಈಗ ನಿಮ್ಮ ಮನೆಯ ಆ ಫೋನ್ ಯಾವ ಕೋಣೆಯಲ್ಲಿದೆ?