ಬೆಳ್ಳಮ್ಮ ಮಗಳಿಗೆ ಹೇಳಿದ ಮೊದಲ ಕಥೆ

ಮೊಬೈಲಿಗೆ ಮೆಸೇಜು ಬಂದರೆ ಓದಿ ಹೇಳುವವರನ್ನು ಹುಡುಕುವ ಕಷ್ಟ ನಮ್ಮ ಎಷ್ಟೋ ಮನೆಗಳಲ್ಲಿದೆ. ಭಾರತೀನಗರದ ಪಕ್ಕದ ಹಳ್ಳಿಯ ಬೆಳ್ಳಮ್ಮನಿಗೆ ಆ ಕಷ್ಟ ಇನ್ನೂ ಹೆಚ್ಚು. ಅವಳ ಒಬ್ಬಳೇ ಮಗಳು ರಂಜಿತಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಮೈಸೂರಿನ ವಸತಿ ಶಾಲೆಯಲ್ಲಿ ಓದು ಬರಹ ಕಲಿತ ಹುಡುಗಿ. ಈಗ ಮಳವಳ್ಳಿಯಲ್ಲಿ, ಗಂಡನ ಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಾಳೆ. ಉಂಡೆಯಾ, ಹಸು ಕರು ಹಾಕಿತು, ಊರಿಗೆ ಬಾ ಎನ್ನುವಷ್ಟನ್ನು ತಾಯಿ ಮಗಳು ವಿಡಿಯೋದಲ್ಲಿ ತಮ್ಮದೇ ಕೈಸನ್ನೆಯಲ್ಲಿ ಆಡಿಕೊಳ್ಳುತ್ತಾರೆ. ಅದಕ್ಕಿಂತ ಒಳಗಿನ ಮಾತಿದ್ದರೆ ರಂಜಿತ ಬರೆದು ಕಳಿಸುತ್ತಾಳೆ.

ಒಂದು ಸಂಜೆ ಬೆಳ್ಳಮ್ಮ ಡೈರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದಾಗ ಮೆಸೇಜು ಬಂತು. ಹಾಲು ಅಳೆಯುವ ಸಿದ್ದರಾಮುವಿನ ಕೈಗೆ ಫೋನು ಕೊಟ್ಟಳು. ಅವನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದ.

"ಅವ್ವ, ನನಗೀಗ ಮೂರು ತಿಂಗಳು. ತುಂಬ ಹೆದರಿಕೆಯಾಗುತ್ತದೆ. ಮಗುವಿಗೂ ನನ್ನ ಹಾಗೆ ಕಿವಿ ಕೇಳಿಸದಿದ್ದರೆ? ಈ ಮಾತು ಯಾರಿಗೂ ಹೇಳಬೇಡ."

ಸಿದ್ದರಾಮು ನಾಲಗೆ ಕಚ್ಚಿಕೊಂಡ.

"ಅಯ್ಯೋ, ಆ ಕೊನೇ ಮಾತ ಮೊದ್ಲೇ ಬರೀಬಾರ್ದಿತ್ತಾ ಕಣಕ್ಕ! ಈಗ ಏನಂತ ಬರೀಲಿ?"

ಮಗಳಿಗೆ ಹೇಳಬೇಕಾದ್ದು ಬೆಳ್ಳಮ್ಮನ ಎದೆತುಂಬ ಇತ್ತು. ಇಷ್ಟು ಜನರ ಮುಂದೆ ಹೇಗೆ ಹೇಳುವುದು?

"ಎದ್ರುಬ್ಯಾಡ ಅಂತ ಬರಿ. ಸಾಕು."

ಹಿಂದೆ ನಿಂತಿದ್ದ ನಾಗಶ್ರೀ ಇದನ್ನೆಲ್ಲ ಕೇಳಿಸಿಕೊಂಡಳು. ದೊಡ್ಡವರಿಗೆ ಅಕ್ಷರ ಕಲಿಸುವವಳು ಅವಳು. ಆರು ಗಂಟೆಯ ತರಗತಿಗೆ ಆ ದಿನವೂ ಯಾರೂ ಬಾರದೆ, ಶಾಲೆಯ ಬಾಗಿಲು ಹಾಕಿ ತಾನೇ ಹಾಲು ತಂದಿದ್ದಳು.

"ದೊಡ್ಡವ್ವ, ನೀನೇ ಓದಾದ್ ಕಲೀಬಾರ್ದಾ?"

"ನಿನ್ ಇಸ್ಕೂಲ್ಗಾ? ಆರು ಗಂಟ್ಗೆ ಬಾ ಅಂತೀಯ. ಆರು ಗಂಟ್ಗೆ ಹಾಲ ನಿಮ್ಮಪ್ಪ ತಂದಾಕ್ತಾನಾ?" ಎಂದಳು ಬೆಳ್ಳಮ್ಮ. "ಒಂದಿನ ಬಂದಿದ್ದೆ ಕಣಮ್ಮ. ಆನೆ, ಈಟಿ ಅಂತ ಓದ್ಸ್ದೆ. ನಮ್ಮಟ್ಟೀಲಿ ಆನೆ ಐತಾ, ಈಟಿ ಐತಾ? ಈ ವಯಸ್ಸಲ್ಲಿ ಕಲ್ತು ನಾನೇನ್ ಡೀಸಿ ಆಗ್ಬೇಕಾ?"

ಎಲ್ಲರೂ ನಕ್ಕರು. ನಾಗಶ್ರೀಯೂ ನಕ್ಕಳು. ಆದರೆ ಆ ಮಾತು ಅವಳಿಗೆ ನಾಟಿತು. ಮಾರನೆಯ ಸಂಜೆ ಕಪ್ಪು ಹಲಗೆಯನ್ನು ಡೈರಿಯ ಜಗಲಿಗೇ ಹೊತ್ತು ತಂದಳು. ಹಾಲು ಹಾಕಿದ ಹೆಂಗಸರನ್ನು ಕೂರಿಸಿಕೊಂಡಳು. ಪುಸ್ತಕ ತೆಗೆಯಲಿಲ್ಲ.

"ದೊಡ್ಡವ್ವ, ರಂಜಿತ ಕೂಸಾಗಿದ್ದಾಗಿನ್ ಕತೆ ಏಳು."

"ಇದ್ಯಾವ್ ಪಾಠ್ವೇ?" ಎಂದು ಗೊಣಗಿದ ಬೆಳ್ಳಮ್ಮ, ಖಾಲಿ ಕ್ಯಾನನ್ನು ಪಕ್ಕಕ್ಕಿಟ್ಟು ಶುರುಮಾಡಿದಳು.

"ಅವ್ಳಿಗೆ ಕಿವಿ ಕೇಳಾಕಿಲ್ಲ ಅಂತ ಗೊತ್ತಾಗಿದ್ದು ಆಲೆಮನೇಲಿ. ಕಬ್ಬಿನ್ ಗಾಣ ದಡದಡ ಅಂತ ಸುರುವಾಯ್ತು. ಮಿಕ್ಕಿದ್ ಮಕ್ಳೆಲ್ಲ ಬೆಚ್ಚಿಬಿದ್ದು ಅತ್ವು. ನಮ್ ಕೂಸು ನಗ್ತಾ ಕೂತಿತ್ತು. ಏನ್ ಧೈರ್ಯ ಕಣಮ್ಮ ನಿನ್ ಮಗ್ಳಿಗೆ ಅಂದ್ರು. ನಂಗೆ ಆಗ್ಲೇ ತಿಳೀತು. ಮನೆಗ್ ಬಂದು ಅತ್ತೂ ಅತ್ತೂ ಸಾಕಾಗಿ, ಕೂಸಿನ್ ಕೈಯ ನನ್ ಗಂಟ್ಲ ಮೇಲ್ ಇಟ್ಕಂಡು ಲಾಲಿ ಏಳ್ದೆ. ಗಂಟ್ಲು ಅದುರ್ತಲ್ಲ, ಕೂಸು ಕಿಲಕಿಲ ಅಂತ ನಕ್ತು."

ಪಕ್ಕದಲ್ಲಿ ಕೂತಿದ್ದ ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದ್ನ ರಂಜಿತಂಗೆ ಏಳಿದ್ದೀಯಾ?" ನಾಗಶ್ರೀ ಮೆತ್ತಗೆ ಕೇಳಿದಳು.

"ಕೇಳ್ದೇ ಇರೋ ಮಗೀಗೆ ಎಂಗ್ ಏಳ್ಲವ್ವ? ಇಷ್ಟೆಲ್ಲ ಸನ್ನೇಲಿ ಆಯ್ತದಾ?"

"ಬರ್ದ್ರೆ ಆಯ್ತದೆ."

ನಾಗಶ್ರೀ ಹಲಗೆಯ ಮೇಲೆ ಮೂರೇ ಸಾಲು ಬರೆದಳು. ಕೂಸಿನ ಕೈ ಗಂಟ್ಲ ಮೇಲೆ ಇಟ್ಕಂಡೆ. ಲಾಲಿ ಏಳ್ದೆ. ಕೂಸು ನಕ್ತು.

"ನಾನಂದಂಗೇ ಬರ್ದಿದ್ದೀಯಾ? ಪುಸ್ತಕ್ದಂಗಿಲ್ವಲ್ಲ, ತಪ್ಪಲ್ವಾ?"

"ನಿನ್ ಬದುಕು, ನಿನ್ ಮಾತು. ತಪ್ಪೆಂಗಾದದು? ಮೊದ್ಲು ಇದ್ನ ಓದು. ಪುಸ್ತಕದ್ ಮಾತು ನಿಧಾನ್ಕೆ ಕಲೀವಂತೆ."

ಮುಂದಿನ ಮಾತು ಏನೆಂದು ಗೊತ್ತಿದ್ದುದರಿಂದ ಬೆಳ್ಳಮ್ಮನ ಬೆರಳು ಅಕ್ಷರಗಳ ಮೇಲೆ ಧೈರ್ಯವಾಗಿ ಸರಿಯಿತು. ಅಂದಿನಿಂದ ದಿನಕ್ಕೊಬ್ಬರ ಕಥೆಯೇ ಪಾಠ. ಹನಕೆರೆಯಲ್ಲಿ ಇಳಿಯಬೇಕಾದ ಹೊಂಬಾಳಮ್ಮ ರೈಲಿನಲ್ಲಿ ನಿದ್ದೆಹೋಗಿ ಮಂಡ್ಯ ಸೇರಿದ ಕಥೆಯನ್ನು ಓದುವ ಸಂಜೆ ಜಗಲಿಯಲ್ಲಿ ಜಾಗ ಸಾಲಲಿಲ್ಲ. ಬೆಳ್ಳಮ್ಮನ ಬೆರಳು ನೋಯುತ್ತಿತ್ತು, ಎಷ್ಟೋ ದಿನ ಸೀಮೆಸುಣ್ಣ ಎಸೆದು ಎದ್ದುಹೋದಳು. ಹಾಲು ಹಾಕಲು ಬಂದವಳು ಮತ್ತೆ ಕೂತಳು.

ರಂಜಿತಳ ಬಸಿರಿಗೆ ಎಂಟು ತಿಂಗಳು ತುಂಬಿದಾಗ ಬೆಳ್ಳಮ್ಮ ಡೈರಿಯ ಜಗಲಿಯಲ್ಲೇ ಕೂತು ಆಲೆಮನೆಯ ಕಥೆಯನ್ನು ಹಾಳೆಯ ಮೇಲೆ ಪೂರ್ತಿ ಬರೆದಳು. ನಾಗಶ್ರೀ ನೆರವಿಗೆ ಬಂದರೆ "ನೀ ಸುಮ್ಕಿರವ್ವ, ಇದು ನನ್ ಮಗ್ಳಿಗೆ ನಾನು ಏಳೋದು" ಎಂದಳು. ಹಾಳೆಯ ಫೋಟೋ ಮಳವಳ್ಳಿಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಫೋನು ಅದುರಿತು. ಸಿದ್ದರಾಮು ಅಭ್ಯಾಸದಂತೆ ಕೈ ಚಾಚಿದ.

"ಓಗ್ಲಾ, ನಿನ್ ಹಾಲ್ ನೋಡ್ಕೊ!"

ಬೆಳ್ಳಮ್ಮ ಎಲ್ಲರಿಗೂ ಬೆನ್ನು ತಿರುಗಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇದು ನನಗೆ ಗೊತ್ತೇ ಇರಲಿಲ್ಲ ಅವ್ವ. ಹೆದರಿಕೆ ಕಮ್ಮಿಯಾಯಿತು. ಆಮೇಲೆ?"

"ಏನಂತೆ ಅಕ್ಕೋ?" ಎಂದ ಸಿದ್ದರಾಮು.

ಬೆಳ್ಳಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನೊಂದು ಹಾಳೆ ಕೇಳಿದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ದುಡಿದು ದಣಿದು ಬಂದ ಮೇಲೆ ಕಲಿಯುವುದು ಸುಲಭವಲ್ಲ, ನಿಜ. ಆದರೂ ನಿಮ್ಮೂರಿನ ವಯಸ್ಕರ ತರಗತಿಗೆ ಒಂದು ಸಂಜೆ ಹೋಗಿ ನೋಡಿ. ಬರಿಗೈಯಲ್ಲೇ ಹೋಗಿ, ನಿಮ್ಮ ಕಥೆಯೊಂದು ಜೊತೆಗಿದ್ದರೆ ಸಾಕು. ಕಲಿಸುವವರೇ, ಪುಸ್ತಕ ಬಿಡಿಸುವ ಮೊದಲು ಅವರ ಕಥೆ ಕೇಳಿ, ಅವರ ಮಾತಿನಲ್ಲೇ ಬರೆದು ತೋರಿಸಿ. ನಿಮ್ಮ ಮಕ್ಕಳಿಗೆ ನೀವು ಇನ್ನೂ ಹೇಳದ ಮಾತು ಎಷ್ಟಿಲ್ಲ? ಅದನ್ನು ನಿಮ್ಮ ಕೈಯಾರೆ ಬರೆಯಿರಿ.