ಬಂಗಾರಪೇಟೆಗೆ ಸಿಗ್ನಲ್ ಇಲ್ಲ

ಮಾತು ಬಾರದ ಅಂಬಿಕ ಆಸ್ಪತ್ರೆ ಸೇರಿ ತಿಂಗಳುಗಳೇ ಆದವು. ಸೂಜಿ ಕಂಡರೆ ಒದೆಯುವ ಹುಡುಗಿ, ಅಮ್ಮ ವನಿತಾ, ಅಜ್ಜಿಯ ಮನೆಗೆ ಹೋಗುವ ರೈಲಿನ ಆಟ ಶುರುಮಾಡಿದರೆ ಮಾತ್ರ ಅಲುಗದೆ ಕೂರುತ್ತಾಳೆ. ಆದರೆ ಕೊನೆಯ ನಿಲ್ದಾಣ, ಅಜ್ಜಿಯ ಊರು ಬಂಗಾರಪೇಟೆ ಬಂತೆಂದರೆ ಮಂಚದಿಂದ ಇಳಿದೇ ಬಿಡುತ್ತಾಳೆ.

“ಮಾರಿಕುಪ್ಪಂ ಬುಡ್ತು... ಚಾಂಪಿಯನ್... ಉರಿಗಾಂ... ಕೋರಮಂಡಲ್...” ವನಿತಾ ಒಂದೊಂದೇ ನಿಲ್ದಾಣ ಹೇಳುತ್ತಾ ಹೋದಳು.

ಇವತ್ತು ನರವೇ ಸಿಗುತ್ತಿಲ್ಲ. ಡ್ರಿಪ್ ಏರದೆ ಜ್ವರ ಇಳಿಯದು. ವನಿತಾ ಆಟವನ್ನು ಎಷ್ಟು ಎಳೆದರೂ ಬಂಗಾರಪೇಟೆಗೆ ಮುಂಚಿನ ಬೆಮೆಲ್ ನಗರವೂ ಮುಗಿಯಿತು. ಅಂಬಿಕ ಮಂಚದಿಂದ ಕಾಲು ಕೆಳಗಿಟ್ಟಳು.

“ಇನ್ನೊಂದ್ ಸಲ ಚುಚ್ಬೇಕು ಕಣಮ್ಮ, ಇಡ್ಕೋ!” ಸಿಸ್ಟರ್ ಬೆವರಿದರು.

ವನಿತಾ ತಟ್ಟನೆ ಕೂಗಿದಳು: “ಕೂತ್ಕಳೇ! ಬಂಗಾರಪೇಟೆ ಒಳಕ್ಕೆ ಸಿಗ್ನಲ್ ಕೊಟ್ಟಿಲ್ಲ. ಮೇನ್ ಲೈನ್ ಗಾಡಿ ಓಗ್ಬೇಕಂತೆ!”

ನಿಜವಾದ ರೈಲಿನಲ್ಲೂ ಹೀಗೆ ಕಾಯುವ ಕಾಟ ಅಂಬಿಕಳಿಗೆ ಹೊಸದಲ್ಲ. ಎಲ್ಲ ಪ್ರಯಾಣಿಕರಂತೆ ಉಸ್ಸೆಂದು ಒರಗಿದಳು.

ಸೂಜಿ ನರಕ್ಕೆ ಇಳಿಯಿತು. ಪ್ಲಾಸ್ಟರ್ ಒತ್ತಿ ಸಿಸ್ಟರ್ ಮೆಲ್ಲಗೆ ಹೇಳಿದರು:

“ಈಗ ಕೊಡಮ್ಮ ಸಿಗ್ನಲ್ಲು.”